ಮೂರನೆಯ ದಾರಿಯಲ್ಲಿ ಮಳವಳ್ಳಿ

ನಾನು ಈ ಕೆಲಸಕ್ಕೆ ಸೇರಿದ್ದು ೧೯೭೭ರ ಸೆಪ್ಟೆಂಬರ್ ಐದನೇ ತಾರೀಕು, ಸೋಮವಾರ. ಅಂದಿನಿಂದ ಇಂದಿನವರೆಗೆ ಎರಡೂವರೆ ದಿನಚರಿ ಪುಸ್ತಕ ತುಂಬಿವೆ. ಬರೆದದ್ದರಲ್ಲಿ ಹೆಚ್ಚಿನದು ಲೆಕ್ಕ. ಹನಕೆರೆಯಲ್ಲಿ ನಾನು ಹತ್ತುವ ಪ್ಯಾಸೆಂಜರ್ ರೈಲು ಎಷ್ಟು ನಿಮಿಷ ತಡ, ಆ ದಿನ ಮಂಡ್ಯದ ನಮ್ಮ ಟೆಲಿಗ್ರಾಫ್ ಕಚೇರಿಯಿಂದ ಎಷ್ಟು ತಂತಿ ಹೋದವು, ಎಷ್ಟು ಬಂದವು, ಲೈನು ಎಷ್ಟು ಹೊತ್ತು ಕೆಟ್ಟಿತ್ತು. ಅಪ್ಪ ಮೇಷ್ಟರು. ಹಾಜರಿ ಪುಸ್ತಕ ನೋಡುತ್ತ ಬೆಳೆದವಳಿಗೆ ಎಣಿಸುವುದು ಒಂದು ಚಾಳಿ. ೧೯೭೮ರ ನವೆಂಬರ್ ಒಂಬತ್ತರ ಪುಟದಲ್ಲೂ ಲೆಕ್ಕವಿದೆ. ಹೋದದ್ದು ಮೂವತ್ತೊಂದು, ಬಂದದ್ದು ಹತ್ತೊಂಬತ್ತು. ಆ ಮೂವತ್ತೊಂದರಲ್ಲಿ ಒಂದು ಹೋಗಿರಲಿಲ್ಲ. ಅದನ್ನು ಹೇಳುವುದಕ್ಕೆ ಈ ಬರಹ.

ಮೊದಲು ನಮ್ಮ ಕೆಲಸ ಹೇಗಿತ್ತು ಎಂಬುದನ್ನು ಹೇಳಬೇಕು. ಮಂಡ್ಯದಿಂದ ಮದ್ದೂರಿಗೆ, ಅಲ್ಲಿಂದ ಮಳವಳ್ಳಿಗೆ, ಕಂಬದ ಮೇಲೆ ಓಡುತ್ತಿದ್ದುದು ಒಂದೇ ಜೋಡಿ ತಾಮ್ರದ ತಂತಿ. ಆ ಒಂದು ಜೋಡಿಯ ಮೇಲೆ ಒಂದೇ ಸಲಕ್ಕೆ ಮೂರು ದಾರಿ. ನಾವು ಅದನ್ನು ಚಾನೆಲ್ ಎನ್ನುತ್ತಿದ್ದೆವು. ಮೊದಲನೆಯದರಲ್ಲಿ ಜನ ಫೋನಿನಲ್ಲಿ ಮಾತಾಡುತ್ತಿದ್ದರು. ಎರಡನೆಯದು ಮದ್ದೂರಿನ ಟೆಲಿಪ್ರಿಂಟರಿಗೆ, ಮೂರನೆಯದು ಮಳವಳ್ಳಿಯ ಟೆಲಿಪ್ರಿಂಟರಿಗೆ. ಇಲ್ಲಿ ಹೊಡೆದ ಅಕ್ಷರ ಅಲ್ಲಿನ ಕಾಗದದ ಮೇಲೆ ತಾನೇ ಅಚ್ಚಾಗುವ ಯಂತ್ರ ಅದು. ಒಂದೊಂದು ದಾರಿಗೂ ಒಂದೊಂದು ಬೇರೆ ಸ್ವರ. ಹಿಂದಿನ ಕೋಣೆಯಲ್ಲಿ ಆಳೆತ್ತರದ ಕಬ್ಬಿಣದ ಪೆಟ್ಟಿಗೆ ಆ ಸ್ವರಗಳನ್ನು ಬೆರೆಸಿ ಕಳಿಸುತ್ತಿತ್ತು, ಬಂದದ್ದನ್ನು ಬಿಡಿಸಿ ಕೊಡುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಗುತ್ತಲು ರಸ್ತೆಯ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಸಾಬರು, ನಮ್ಮ ಮೆಕ್ಯಾನಿಕ್. ಐವತ್ತರ ಮೇಲಿನ ವಯಸ್ಸು. ನಾನು ಮೊದಲ ದಿನ, ಮೂರೂ ಒಂದೇ ತಂತಿಯಲ್ಲಿ ಹೋದರೆ ಕಲಸಿಹೋಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರು, “ಮದ್ವೆ ಮನೇಲಿ ಓಲಗನೂ ಊದ್ತಾರೆ, ಡೋಲೂ ಬಡೀತಾರೆ, ಎಂಗಸ್ರೂ ಜಗಳ ಆಡ್ತಾರೆ. ನಿಂಗೆ ಮೂರೂ ಬ್ಯಾರೆ ಬ್ಯಾರೆ ಕೇಳಕಿಲ್ವಾ? ಅಂಗೇ ಕಣಮ್ಮ,” ಎಂದಿದ್ದರು.

ಟೆಲಿಪ್ರಿಂಟರಿನಲ್ಲಿ ಅಚ್ಚಾಗುವ ಅಕ್ಷರಗಳ ಜೊತೆಗೆ ಅಚ್ಚಾಗದ ಕೆಲವು ಗುಂಡಿಗಳಿವೆ. ಅವು ಓದುವವರಿಗಲ್ಲ, ಆ ಕಡೆಯ ಯಂತ್ರಕ್ಕೆ ಕೊಡುವ ಆಜ್ಞೆಗಳು. ಒಂದನ್ನು ಒತ್ತಿದರೆ ಅಲ್ಲಿ ಸಾಲು ಬದಲಾಗುತ್ತದೆ, ಇನ್ನೊಂದನ್ನು ಒತ್ತಿದರೆ ಅಲ್ಲಿ ಗಂಟೆ ಬಾರಿಸುತ್ತದೆ. ಮತ್ತೊಂದು ಗುಂಡಿಯ ಕೆಲಸ ‘ಯಾರು ನೀನು’ ಎಂದು ಕೇಳುವುದು. ಅದನ್ನು ಒತ್ತಿದ ಎರಡು ಸೆಕೆಂಡಿಗೆ ಆ ಕಡೆಯ ಯಂತ್ರ ತಾನೇ ತನ್ನ ಊರಿನ ಹೆಸರನ್ನು ಹೊಡೆದು ಕಳಿಸುತ್ತದೆ. ಯಾರೂ ಅಲ್ಲಿ ಕೂತಿರಬೇಕಾಗಿಲ್ಲ. ಕೋಣೆಗೆ ಬೀಗ ಹಾಕಿದ್ದರೂ, ಕರೆಂಟಿದ್ದರೆ ಸಾಕು, ಮಳವಳ್ಳಿ ಎಂದು ಉತ್ತರ ಬರುತ್ತದೆ.

ಮಳವಳ್ಳಿಯಲ್ಲಿ ಕೂರುತ್ತಿದ್ದವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬೆಸಗರಹಳ್ಳಿಯವರು. ಕೌಂಟರು, ಟ್ರಂಕ್ ಕಾಲ್ ಬುಕಿಂಗು, ಟೆಲಿಪ್ರಿಂಟರು ಮೂರನ್ನೂ ಅವರೊಬ್ಬರೇ ನೋಡಬೇಕಿತ್ತು. ಹದಿನಾಲ್ಕು ತಿಂಗಳು ದಿನವೂ ಮಾತಾಡಿದ್ದೇವೆ, ಒಂದು ದಿನವೂ ಮುಖ ನೋಡಿರಲಿಲ್ಲ. ಲೈನು ಬಿಡುವಾಗಿದ್ದರೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಕನ್ನಡ ಹೊಡೆದು ಹರಟುತ್ತಿದ್ದರು. ನನ್ನನ್ನು ಮಂಡ್ಯವ್ವ ಎನ್ನುತ್ತಿದ್ದರು.

“ಏನ್ ಮಂಡ್ಯವ್ವ, ಇವತ್ತು ರೈಲು ಎಷ್ಟು ನಿಮಿಷ?”

“ಹನ್ನೊಂದು ನಿಮಿಷ ಅಣ್ಣ.”

“ನೀನು ಬರ್ಕತೀಯ ಅಂತ ಡ್ರೈವರಂಗೆ ಗೊತ್ತಾದ್ರೆ ಗಾಡಿ ಬುಟ್ಟು ಓಡೋಯ್ತಾನೆ.”

ಅವರ ತಾಯಿ ಬೆಸಗರಹಳ್ಳಿಯಲ್ಲಿದ್ದರು. ಅವರ ತಮ್ಮ ಮಂಡ್ಯದ ಪಕ್ಕದ ವಿ.ಸಿ. ಫಾರಂ ಎಂಬ ಸರ್ಕಾರಿ ಜಮೀನಿನಲ್ಲಿ ಗದ್ದೆ ಕೆಲಸದ ಆಳು. ಇವರು ಪ್ರತಿ ಶನಿವಾರ ಸಂಜೆ ಮದ್ದೂರಿಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತಾಯಿಯ ಹತ್ತಿರ ಹೋಗುತ್ತಿದ್ದರು. ಸೋಮವಾರ ಬೆಳಿಗ್ಗೆ ಬಂದ ತಕ್ಷಣ ಅವ್ವ ಏನು ಸಾರು ಮಾಡಿದ್ದಳು ಎಂಬುದು ನನಗೆ ಬರುತ್ತಿದ್ದ ಮೊದಲ ಸುದ್ದಿ. ಸೊಪ್ಪಿನ ಬಸ್ಸಾರಾಗಿದ್ದರೆ ಬರಿಯ ಒಂದು ಪದ. ಉಪ್ಪೆಸರಾಗಿದ್ದರೆ ಎರಡು ಸಾಲು.

ನಿಯಮ ಹೀಗಿತ್ತು. ತಂತಿ ಕಳಿಸುವ ಮೊದಲು ‘ಯಾರು ನೀನು’ ಒತ್ತಬೇಕು, ಸರಿಯಾದ ಊರಿನ ಹೆಸರು ಬರಬೇಕು. ಕಳಿಸಿದ ಮೇಲೆ ಮತ್ತೊಮ್ಮೆ ಒತ್ತಬೇಕು, ಹೆಸರು ಬರಬೇಕು. ನಂತರ ಗಂಟೆ ಬಾರಿಸಿ ಕಾಯಬೇಕು. ಆ ಕಡೆಯವರು ಬಂದು, ಕಾಗದ ನೋಡಿ, ಇಂಥ ಸಂಖ್ಯೆಯ ತಂತಿ ಬಂತು ಎಂದು ಕೈಯಾರೆ ಹೊಡೆಯಬೇಕು. ಆಮೇಲೆ ನಾವು ಪುಸ್ತಕದಲ್ಲಿ ಮುಟ್ಟಿತು ಎಂದು ಗುರುತು ಹಾಕಬೇಕು.

೧೯೭೮ರ ಜುಲೈ ಇಡೀ ತಿಂಗಳು ನಾನು ಆ ಕಾಯುವಿಕೆಯನ್ನು ಅಳೆದೆ. ಯಾರೂ ಹೇಳಿರಲಿಲ್ಲ, ನನಗೇ ತೋಚಿತು. ಮಳವಳ್ಳಿಯ ಒಂದು ತಂತಿಗೆ ಕಳಿಸುವ ಹೊತ್ತು ಎರಡು ನಿಮಿಷ, ಕೈಯುತ್ತರಕ್ಕೆ ಕಾಯುವ ಹೊತ್ತು ಕೆಲವೊಮ್ಮೆ ಹನ್ನೆರಡು ನಿಮಿಷ. ಅವರು ಕೌಂಟರಿನಿಂದ ಎದ್ದು ಬರಬೇಕಲ್ಲ. ತಿಂಗಳ ಕೊನೆಗೆ ಕೂಡಿದೆ. ಹೆಸರುತ್ತರ ಸರಿಯಾಗಿ ಬಂದ ಯಾವ ತಂತಿಯೂ ಆ ತಿಂಗಳು ಕಳೆದುಹೋಗಿರಲಿಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ಕೋಷ್ಟಕ ಹಾಕಿ, ಯಂತ್ರದ ಉತ್ತರವನ್ನೇ ಮುಟ್ಟಿದ್ದಕ್ಕೆ ಗುರುತಾಗಿ ಹಿಡಿಯಬಹುದು, ಗಂಟೆ ಬೇಡ, ಮಳವಳ್ಳಿಯವರು ಸಂಜೆ ನಾಲ್ಕಕ್ಕೆ ಒಂದೇ ಸಲ ಎಲ್ಲ ಸಂಖ್ಯೆಗಳನ್ನೂ ಹೇಳಿದರೆ ಸಾಕು ಎಂದು ಬರೆದು ಮೇಲ್ವಿಚಾರಕರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಚೆನ್ನಾಗಿ ಬರೆದಿದ್ದೀಯಮ್ಮ. ಮೇಷ್ಟರ ಮಗಳು ಅಲ್ವೆ? ನೋಡೋಣ, ಮಾಡಿ.”

ಸಾಬರಿಗೆ ಮಾತ್ರ ಹಿಡಿಸಲಿಲ್ಲ. ಬೆಸುಗೆ ಹಾಕುತ್ತ ತಲೆ ಎತ್ತದೆ, “ಮಿಸಿನ್ನು ಊಂ ಅಂದ್ರೆ ಅದು ಮಿಸಿನ್ನಿನ ಊಂ ಕಣಮ್ಮ,” ಎಂದರು. ನಾನು ಕೋಷ್ಟಕ ತೋರಿಸಿದೆ. “ನಂಗೆ ಲೆಕ್ಕ ಬರಕಿಲ್ಲ ಬುಡು,” ಎಂದು ನಕ್ಕು ಮತ್ತೆ ಬೆಸುಗೆಗೆ ಬಗ್ಗಿದರು.

ಮಳವಳ್ಳಿಯಣ್ಣನಿಗೆ ಬಹಳ ಖುಷಿಯಾಯಿತು. “ನಿನ್ನ ಹೊಟ್ಟೆ ತಣ್ಣಗಿರಲಿ ಮಂಡ್ಯವ್ವ, ಗಂಟೆ ಬಾರಿಸಿದಾಗೆಲ್ಲ ಎದ್ದು ಎದ್ದು ನನ್ನ ಪಂಚೆನೇ ಸವೆದೋಗಿತ್ತು,” ಎಂದು ಹೊಡೆದರು. ಅಂದಿನಿಂದ ಅವರು ಕೌಂಟರಿನಲ್ಲಿ ನೆಮ್ಮದಿಯಾಗಿ ಕೂತರು. ಬಿಡುವಾದಾಗ ಯಂತ್ರದ ಕಡೆ ಕತ್ತು ತಿರುಗಿಸಿ, ಮೇಲುಗಡೆಯಿಂದ ಕಾಗದ ಇಳಿಬಿದ್ದಿದೆಯೇ ಎಂದು ನೋಡುತ್ತಿದ್ದರು. ಇಳಿಬಿದ್ದಿದ್ದರೆ ತಂತಿ ಬಂದಿದೆ. ಇಲ್ಲದಿದ್ದರೆ ಇಲ್ಲ.

ಆಗಸ್ಟು, ಸೆಪ್ಟೆಂಬರು, ಅಕ್ಟೋಬರು. ಮೂರು ತಿಂಗಳು ಒಂದೂ ತಪ್ಪಾಗಲಿಲ್ಲ. ಉಳಿಸಿದ ನಿಮಿಷಗಳನ್ನು ನಾನು ಪ್ರತಿ ವಾರ ದಿನಚರಿಯಲ್ಲಿ ಕೂಡಿದ್ದೇನೆ. ಆ ಪುಟಗಳನ್ನು ಈಗ ನೋಡಲಾಗುವುದಿಲ್ಲ.

ನವೆಂಬರ್ ಒಂಬತ್ತು, ಗುರುವಾರ. ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಒಬ್ಬ ಗಂಡಸು ನನ್ನ ಕಿಟಕಿಯ ಹತ್ತಿರ ಬಂದ. ಮೂವತ್ತರ ಆಸುಪಾಸು. ಮೊಣಕಾಲಿನವರೆಗೂ ಒಣಗಿದ ಕೆಸರು.

“ಮಳವಳ್ಳಿ ತಂತಿ ಆಪೀಸ್ನಲ್ಲಿ ನಮ್ಮಣ್ಣ ಅವ್ನೆ. ಅವ್ನು ಹೇಳ್ತಿದ್ದ ಮಂಡ್ಯದ ಅಕ್ಕ ನೀವೇನಾ?”

ಹೌದೆಂದೆ.

“ಅವ್ವಂಗೆ ತೀರಾ ಜಾಸ್ತಿ ಆಗ್ಬುಟ್ಟದೆ ಅಕ್ಕ. ಬೆಳಿಗ್ಗೆ ಬೆಸಗರಳ್ಳಿಯಿಂದ ತಂದು ಇಲ್ಲಿ ದೊಡ್ಡಾಸ್ಪತ್ರೆಗೆ ಹಾಕಿವಿ. ಡಾಕ್ಟ್ರು ಸಂಜೆಗಂಟ ಅಂತವ್ರೆ. ನಿಮ್ಮಣ್ಣ ಎಲ್ಲಿ ಎಲ್ಲಿ ಅಂತಾನೇ ಅವ್ಳೆ. ಒಂದು ಪೋನ್ ಮಾಡ್ಬುಡಿ.”

ಮೊದಲನೆಯ ದಾರಿಯಲ್ಲಿ ಫೋನಿಗಾಗಿ ಆಗ ಐದು ಜನ ಕಾಯುತ್ತಿದ್ದರು. ಸಾಲು ತಪ್ಪಿಸಿ ಕೊಡಿಸಬಹುದಿತ್ತು. ಕೇಳಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ನನಗೆ ನನ್ನ ದಾರಿಯ ಮೇಲೆ ನಂಬಿಕೆ.

“ಫೋನಿಗಿಂತ ಇದು ಬೇಗ ಅಣ್ಣ. ಎರಡೇ ನಿಮಿಷ. ನೀವು ಇಲ್ಲೇ ನೋಡ್ತಾ ನಿಂತ್ಕೊಳ್ಳಿ,” ಎಂದೆ.

‘ಯಾರು ನೀನು’ ಒತ್ತಿದೆ. ಮಳವಳ್ಳಿ ಎಂದು ಬಂತು. ಹೊಡೆದೆ: ತಾಯಿಗೆ ತೀರಾ ಹೆಚ್ಚಾಗಿದೆ, ಮಂಡ್ಯ ಆಸ್ಪತ್ರೆ, ಕೂಡಲೇ ಹೊರಡಿ, ಅಣ್ಣ ಈಗಲೇ ಹೊರಡಿ. ಕೊನೆಯ ಮೂರು ಪದ ನಾನೇ ಸೇರಿಸಿದ್ದು. ಮತ್ತೆ ಒತ್ತಿದೆ. ಮಳವಳ್ಳಿ ಎಂದು ಬಂತು. ಹನ್ನೆರಡು ಇಪ್ಪತ್ತು. ಪುಸ್ತಕದಲ್ಲಿ ಗುರುತು ಹಾಕಿದೆ.

“ಮುಟ್ಟಿತು. ಒಂದು ಗಂಟೆಗೆ ಬಸ್ಸಿದೆ. ಎರಡೂವರೆಗೆ ಇಲ್ಲಿರ್ತಾರೆ.”

“ಸಾಕು ಕಣಕ್ಕ. ಅವ್ವಂಗೆ ಹೇಳ್ತೀನಿ,” ಎಂದು ಅವನು ಓಡಿದ.

ಮಳವಳ್ಳಿಯಲ್ಲಿ ಅಂದು ಸಂತೆ. ಟ್ರಂಕ್ ಕಾಲಿಗೆ ಬಾಗಿಲಾಚೆಯವರೆಗೂ ಸಾಲು. ಯಂತ್ರದ ಕಾಗದದ ಸುರುಳಿ ಮುಗಿಯುವ ಮೊದಲು ಅಂಚಿನಲ್ಲಿ ಕೆಂಪು ಪಟ್ಟೆ ಕಾಣುತ್ತದೆ. ಅಣ್ಣನಿಗೆ ಅದು ಬೆಳಿಗ್ಗೆಯೇ ಕಂಡಿತ್ತಂತೆ. ಈ ಸಾಲು ಮುಗಿಯಲಿ, ಬದಲಾಯಿಸೋಣ ಎಂದುಕೊಂಡಿದ್ದರಂತೆ. ಹನ್ನೊಂದೂವರೆಗೆ ಮಂಡ್ಯದಿಂದ ಹೋದ ಒಂದು ಉದ್ದದ ತಂತಿ ಉಳಿದ ಕಾಗದವನ್ನೆಲ್ಲ ತೆಗೆದುಕೊಂಡಿತು. ಅದನ್ನು ಅವರು ಹರಿದುಕೊಂಡರು. ಒಳಗೆ ಬೆರಳಷ್ಟು ತುಂಡು ಮಾತ್ರ ಉಳಿದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಅಲ್ಲಿಂದ ಮುಂದೆ ಎಷ್ಟು ಸಲ ಕತ್ತು ತಿರುಗಿಸಿ ನೋಡಿದರೂ ಕಾಗದ ಇಳಿಬಿದ್ದಿರಲಿಲ್ಲ. ಏನೂ ಬಂದಿಲ್ಲ ಎಂದೇ ತಿಳಿದರು. ಸದ್ದಾದರೂ ಕೇಳಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಸಂತೆಯ ದಿನ ಟ್ರಂಕ್ ಕಾಲಿನಲ್ಲಿ ಜನ ಹೇಗೆ ಕಿರುಚುತ್ತಾರೆ ಎಂದು ಅಲ್ಲಿ ಕೂತವರಿಗೇ ಗೊತ್ತು.

ಎರಡೂ ಮುಕ್ಕಾಲಿಗೆ ತಮ್ಮ ಮತ್ತೆ ಬಂದ.

“ಅಣ್ಣ ಬರ್ನಿಲ್ವಲ್ಲ ಅಕ್ಕ. ಬಸ್ಟ್ಯಾಂಡಿಗೂ ಓಗಿ ನೋಡ್ದೆ.”

ಆಗಲಾದರೂ ನಾನು ಗಂಟೆ ಬಾರಿಸಬೇಕಿತ್ತು. ಒಂದೇ ಗುಂಡಿ. ಕೈಯಳತೆಯಲ್ಲಿತ್ತು. ಬದಲಿಗೆ ನಾನು ಪುಸ್ತಕ ತೆಗೆದು ನೋಡಿದೆ. ಹನ್ನೆರಡು ಇಪ್ಪತ್ತಕ್ಕೆ ಗುರುತಿತ್ತು.

“ಮುಟ್ಟಿದೆ ಅಣ್ಣ. ಒಂದು ಗಂಟೆ ಬಸ್ಸು ತಪ್ಪಿರಬೇಕು. ಕೌಂಟರು ಯಾರಿಗಾದರೂ ಒಪ್ಪಿಸಿ ಹೊರಡಬೇಕಲ್ವಾ? ದಾರೀಲಿರ್ತಾರೆ.”

“ದಾರೀಲವ್ನೆ ಅಂತೀರಾ?”

“ದಾರೀಲಿರ್ತಾರೆ.”

ಅವನು ಎರಡನೆಯ ಸಲ ಓಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ನಾಲ್ಕು ಗಂಟೆ ಐದು ನಿಮಿಷಕ್ಕೆ ಮೂರನೆಯ ದಾರಿ ಬಡಿಯತೊಡಗಿತು. ಮಳವಳ್ಳಿ. ಯಂತ್ರವಲ್ಲ, ಕೈ. ಅವರು ಇಂಗ್ಲಿಷಿನ ‘ಎ’ ಹೊಡೆಯುವಾಗ ಒಂದು ಚೂರು ತಡೆಯುತ್ತಿದ್ದರು, ಎಡಗೈಯ ಕಿರುಬೆರಳಿಗೆ ಎಂದೋ ಏಟಾಗಿತ್ತಂತೆ. ಆ ತಡೆ ನನಗೆ ಗುರುತು.

“ಏನ್ ಮಂಡ್ಯವ್ವ, ಇವತ್ತು ನಿಮ್ಮೂರಲ್ಲಿ ಎಲ್ಲಾ ಮಲಗವ್ರಾ? ಹನ್ನೊಂದೂವರೆಯಿಂದ ಒಂದೂ ಇಲ್ಲ. ಪೇಪರ್ ಮುಗಿದಿತ್ತು, ಈಗ ಹಾಕ್ದೆ. ಏನಾದ್ರೂ ಇದ್ರೆ ಕಳ್ಸು.”

ನಾನು ಪುಸ್ತಕ ತೆಗೆದು ಹನ್ನೆರಡು ಇಪ್ಪತ್ತರ ಗುರುತನ್ನೇ ನೋಡುತ್ತ ಕೂತೆ. ಎಷ್ಟು ಹೊತ್ತು ಎಂದು ಬರೆದಿಲ್ಲ. ಆ ಕಡೆಯಿಂದ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ನಾನು ಹೊಡೆದೆ. ತಾಯಿಗೆ ತೀರಾ ಹೆಚ್ಚಾಗಿದೆ, ಮಂಡ್ಯ ಆಸ್ಪತ್ರೆ, ಕೂಡಲೇ ಹೊರಡಿ. ಹನ್ನೆರಡು ಇಪ್ಪತ್ತಕ್ಕೆ ಕಳಿಸಿದ್ದೆ ಎಂದೂ ಸೇರಿಸಿದೆ. ಯಾಕೆ ಸೇರಿಸಿದೆನೋ. ಆ ಹೊತ್ತಿನಲ್ಲೂ ನನಗೆ ವೇಳೆ ಬರೆಯಬೇಕಾಗಿತ್ತು.

ಉತ್ತರ ಬರಲಿಲ್ಲ. ಐದು ನಿಮಿಷ ಬಿಟ್ಟು ‘ಯಾರು ನೀನು’ ಒತ್ತಿದೆ. ಮಳವಳ್ಳಿ ಎಂದು ಬಂತು. ಆದರೆ ಅಲ್ಲಿ ಯಾರೂ ಇರಲಿಲ್ಲ.

ಸಂಜೆ ಐದಕ್ಕೆ ನಾನು ರೈಲಿಗೆ ಹೋಗದೆ ಆಸ್ಪತ್ರೆಗೆ ಹೋದೆ. ಸಾಬರೂ ಸೈಕಲ್ ತಳ್ಳಿಕೊಂಡು ಜೊತೆಗೆ ಬಂದರು. ದಾರಿಯಲ್ಲಿ ಅವರಿಗೆ ಎಲ್ಲ ಹೇಳಿದೆ. ಹೆಂಗಸರ ವಾರ್ಡಿನ ಹೊರಗೆ ಜಗುಲಿಯ ಮೇಲೆ ತಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದ. ಮುಖ ನೋಡಿದರೆ ಗೊತ್ತಾಗುವಂತಿತ್ತು. ಅವರ ತಾಯಿ ನಾಲ್ಕು ನಲವತ್ತಕ್ಕೆ ಹೋಗಿದ್ದರು.

ಆರು ಗಂಟೆಗೆ ಸ್ವಲ್ಪ ಮೊದಲು ಒಬ್ಬರು ಗೇಟಿನೊಳಗೆ ಬಂದರು. ಕುಳ್ಳಗೆ, ಕಪ್ಪಗೆ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಕೈಯಲ್ಲಿ ಚೀಲವಿಲ್ಲ, ಏನಿಲ್ಲ. ತಮ್ಮ ಎದ್ದು ನಿಂತದ್ದನ್ನು ನೋಡಿ ಅವರು ಅಲ್ಲೇ ನಿಂತುಬಿಟ್ಟರು. ಒಳಗೆ ಹೋದರು. ಅವರ ಅಳು ಹೊರಗೆ ಕೇಳಿಸಲಿಲ್ಲ.

ಹೊರಗೆ ಬಂದಾಗ ತಮ್ಮನನ್ನು ಒಂದೇ ಮಾತು ಕೇಳಿದರು.

“ನನ್ನ ಕೇಳುದ್ಲಾ?”

“ಊಂ ಕಣಣ್ಣ. ಮೂರೂವರೆಗಂಟ ಕೇಳ್ತಾನೇ ಇದ್ಲು. ದಾರೀಲವ್ನೆ ಕಣವ್ವ, ಬಸ್ಸಲ್ಲವ್ನೆ ಅಂದೆ. ಈ ಅಕ್ಕ ಹಂಗಂದಿತ್ತಲ್ಲ, ಅದ್ಕೆ ಅಂದೆ.”

“ಏನಂದ್ಲು?”

“ಊಟ ಮಾಡ್ಕಂಡು ಹೊಂಟ್ನಾ ಅಂದ್ಲು.”

ಆಗ ಅವರು ನನ್ನ ಕಡೆ ತಿರುಗಿದರು.

“ನೀನಾ ಮಂಡ್ಯ?”

ಹೂಂ ಎಂದೆ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. “ನಾನು ಗಂಟೆ ಬಾರಿಸಲಿಲ್ಲ ಅಣ್ಣ. ನಾನು ಕಾಯಲಿಲ್ಲ,” ಎಂದಷ್ಟೇ ಆಯಿತು.

ಅವರು ಕೇಳಿದರೋ ಇಲ್ಲವೋ. “ಇಷ್ಟು ಸಣ್ಣೋಳಾ ನೀನು,” ಎಂದರು. ಆಮೇಲೆ ತಮ್ಮನ ಜೊತೆ ಬೆಸಗರಹಳ್ಳಿಗೆ ಗಾಡಿ ಗೊತ್ತುಮಾಡುವ ಮಾತಿಗೆ ಹೋದರು. ಸಾಬರು ಹೋಗಿ ಯಾರದೋ ವ್ಯಾನು ಮಾತಾಡಿಕೊಂಡು ಬಂದರು.

ಮರುದಿನ ಮೇಲ್ವಿಚಾರಕರು ಪುಸ್ತಕ ತರಿಸಿ ನೋಡಿದರು. “ನಮ್ಮ ಕಡೆ ಎಲ್ಲ ಸರಿಯಾಗಿದೆಯಲ್ಲಮ್ಮ. ಹೆಸರುತ್ತರ ಬಂದಿದೆ, ವೇಳೆ ಇದೆ. ಕಾಗದ ಹಾಕುವುದು ಆ ಕಡೆಯವರ ಹೊಣೆ. ಆತನೇ ಹಾಗೆಂದು ತಮ್ಮನ ಕೈಲಿ ಬರೆದು ಕಳಿಸಿದ್ದಾನೆ. ಇನ್ನು ನೀನು ಯಾಕೆ?” ಎಂದರು. ನಾನು ಜುಲೈ ತಿಂಗಳ ಕೋಷ್ಟಕದ ಹಿಂಬದಿಯಲ್ಲಿ, ಇದು ನಾನು ಮಾಡಿದ ಪದ್ಧತಿ, ಇದರಿಂದಲೇ ಹೀಗಾಯಿತು, ಹಳೆಯ ನಿಯಮವನ್ನೇ ನಡೆಸಬೇಕು ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅವರು ಅದನ್ನು ಡ್ರಾಯರಿನಲ್ಲಿಟ್ಟರು. ಅದು ಮೇಲೆ ಹೋಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಎಚ್ಚರಿಕೆಯ ಕಾಗದ ಬಂದದ್ದು ಮಳವಳ್ಳಿಯಣ್ಣನಿಗಷ್ಟೇ. ಹಳೆಯ ನಿಯಮ ಮಾತ್ರ ಅಂದಿನಿಂದಲೇ ಮತ್ತೆ ಬಂತು.

ಹದಿನೈದನೆಯ ದಿನ ಅವರು ಕೆಲಸಕ್ಕೆ ಬಂದರು. ಬೆಳಗಿನ ಮೊದಲ ತಂತಿ ಕಳಿಸಿ, ಗಂಟೆ ಬಾರಿಸಿ, ಕಾದೆ. ಒಂಬತ್ತು ನಿಮಿಷ. ಸಂಖ್ಯೆ ಒಂದು ಬಂತು ಎಂದು ಕೈಯಾರೆ ಹೊಡೆದರು. ಲೈನು ಬಿಡುವಾಗಿತ್ತು. ನಾನು, ಕ್ಷಮಿಸಿ ಅಣ್ಣ ಎಂದು ಹೊಡೆದೆ. ನಂತರ ಅಕ್ಷರಗಳು ಒಂದೊಂದಾಗಿ ಬರತೊಡಗಿದವು.

“ಅವತ್ತು ಪೇಪರ್ ಹಾಕೋಕೆ ಮೊದ್ಲು ನೋಡ್ದೆ. ರೋಲರ್ ಮ್ಯಾಲೆ ಮಸಿ ಆಗಿತ್ತು. ಸಾಲಿನ ಮ್ಯಾಲೆ ಸಾಲು ಹೊಡ್ದು ಏನೂ ಗೊತ್ತಾಗ್ತಿರ್ನಿಲ್ಲ. ಬಟ್ಟೆ ತಕಂಡು ಒರಸಿ ಹೊಸ ಪೇಪರ್ ಹಾಕ್ದೆ. ಅದೇ ಅವ್ವನ ಸುದ್ದಿ ಕಣವ್ವ. ನಾನೇ ಒರಸ್ಬುಟ್ಟೆ.”

ಕಾಗದವಿಲ್ಲದ ಯಂತ್ರ ಕರಿಯ ರಬ್ಬರಿನ ಮೇಲೆಯೇ ನನ್ನ ಅಕ್ಷರಗಳನ್ನು ಹೊಡೆಯುತ್ತ ಹೋಗಿತ್ತು. ಅದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ನಾನು ಏನು ಹೊಡೆಯಬೇಕೆಂದು ಯೋಚಿಸುತ್ತಿದ್ದಾಗಲೇ ಅವರ ಕೌಂಟರಿಗೆ ಯಾರೋ ಬಂದಿರಬೇಕು. ಜನ ಅವ್ರೆ, ಓಯ್ತೀನಿ ಎಂದು ಹೊಡೆದು ಎದ್ದುಹೋದರು.

ಆ ಹಾಳೆಯನ್ನು ಹರಿದು ಇಟ್ಟುಕೊಂಡಿದ್ದೇನೆ. ಆಮೇಲೆ ಒಂದು ವರ್ಷ ಎರಡು ತಿಂಗಳು ಅವರು ಮಳವಳ್ಳಿಯಲ್ಲಿದ್ದರು. ನನ್ನ ಪ್ರತಿಯೊಂದು ಗಂಟೆಗೂ ಎದ್ದು ಬಂದು ಸಂಖ್ಯೆ ಹೊಡೆದರು. ಒಂದನ್ನೂ ತಪ್ಪಿಸಲಿಲ್ಲ. ಸಂಖ್ಯೆ ಬಿಟ್ಟು ಬೇರೆ ಮಾತು ಬರಲಿಲ್ಲ, ನಾನೂ ಕೇಳಲಿಲ್ಲ. ಹಿಂದೆ ಸಾರಿನ ಸುದ್ದಿ ಬರುತ್ತಿದ್ದ ಸೋಮವಾರಗಳಲ್ಲಿ ಮಾತ್ರ ಸಂಖ್ಯೆ ಬಂದ ಮೇಲೂ ಸ್ವಲ್ಪ ಹೊತ್ತು ನಾನು ಯಂತ್ರದ ಮುಂದಿನಿಂದ ಏಳುತ್ತಿರಲಿಲ್ಲ.